ಕೊಲ್ಲಿಯಲ್ಲಿ ಚಂಡಮಾರುತ ಅಂತ ಮಾಡೆಲ್ ತೋರಿಸ್ತಿದೆ, ದ್ರಾಕ್ಷಿ ಡಿಪ್ಪಿಂಗ್ ಮುಂದೂಡಬೇಕಾ?

ತಿಕೋಟಾ ತೋಟ
ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ನಮ್ಮದು ಥಾಮ್ಸನ್ ದ್ರಾಕ್ಷಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆಗಿ ಈಗ ಹೂವಿನಲ್ಲಿದೆ. ನಿನ್ನೆಯಿಂದ ವಾಟ್ಸಾಪ್ ಗುಂಪಿನಲ್ಲಿ ಒಂದು ಚಿತ್ರ ಓಡಾಡುತ್ತಿದೆ. ಬಂಗಾಳ ಕೊಲ್ಲಿಯಲ್ಲಿ ಕೆಂಪು ಸುರುಳಿ, ಮೇಲೆ ಜಿಎಫ್‌ಎಸ್ ಅಂತ ಬರೆದಿದೆ, ತಾರೀಖು ಒಂಬತ್ತು ದಿನ ಮುಂದಿನದು. ಡಿಪ್ಪಿಂಗ್‌ಗೆ, ಅಂದ್ರೆ ಗೊಂಚಲು ಔಷಧಿಯಲ್ಲಿ ಅದ್ದೋದಕ್ಕೆ, ಅದೇ ವಾರ ಆಳು ಹೇಳಿಟ್ಟಿದ್ದೇನೆ, ಮುಂಗಡನೂ ಕೊಟ್ಟಾಗಿದೆ. ವಿಂಡಿ ಅನ್ನೋ ಹವಾಮಾನ ಆ್ಯಪ್ ತೆಗೆದು ನೋಡಿದರೆ ಅದೇ ದಿನಕ್ಕೆ ಅಲ್ಲಿ ಏನೂ ಇಲ್ಲ, ಸುಮ್ನೆ ಸಣ್ಣ ಗಾಳಿ. ಯಾವುದನ್ನು ನಂಬೋದು? ಹೂವಿನಲ್ಲಿ ಮಳೆ ಹಿಡಿದರೆ ಡೌನಿ ಬೂಜು ರೋಗ ಬಂದು ಗೊಂಚಲೇ ಹೋಗುತ್ತದೆ, ನಿಮಗೆಲ್ಲ ಗೊತ್ತಿದ್ದದ್ದೇ.

ಮೋಡದ ಹುಚ್ಚು
ಅಣ್ಣಾ, ಒಂಬತ್ತು ದಿನ ಆಚೆಯ ಸುರುಳಿ ನೋಡಿ ಆಳು ಬಿಡಿಸಬೇಡಿ. ಜಿಎಫ್‌ಎಸ್ ಅಂದ್ರೆ ಅಮೆರಿಕದವರ ಮಾಡೆಲ್, ಹವೆ ಹೇಗಿರುತ್ತೆ ಅಂತ ಕಂಪ್ಯೂಟರ್ ಹಾಕುವ ಲೆಕ್ಕ. ದಿನಕ್ಕೆ 4 ಸಲ ಹೊಸದಾಗಿ ಲೆಕ್ಕ ಹಾಕಿ 16 ದಿನದವರೆಗೆ ಚಿತ್ರ ಕೊಡುತ್ತದೆ. ಅದು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ, ಅದಕ್ಕೇ ಇಂಥ ಫಾರ್ವರ್ಡ್‌ಗಳಲ್ಲಿ ಜಾಸ್ತಿ ಅದೇ ಇರೋದು. ಅದಕ್ಕೊಂದು ಹಳೇ ಚಾಳಿ ಇದೆ: ದೂರದ ದಿನಗಳಲ್ಲಿ ಸಮುದ್ರದ ಮೇಲೆ ಇಲ್ಲದ ಚಂಡಮಾರುತ ಹುಟ್ಟಿಸುತ್ತದೆ. ಮುಂದಿನ ರನ್‌ನಲ್ಲಿ, ಅಂದ್ರೆ ಮುಂದಿನ ಸಲದ ಲೆಕ್ಕದಲ್ಲಿ, ಅದು ಮಾಯ, ಇಲ್ಲಾಂದ್ರೆ ಬೇರೆ ಕಡೆ.

ವಿಂಡಿ ತೆರೆದ ಕೂಡಲೇ ಸಾಮಾನ್ಯವಾಗಿ ಕಾಣೋದು ಯುರೋಪಿನವರ ಮಾಡೆಲ್, ಇಸಿಎಂಡಬ್ಲ್ಯೂಎಫ್. ಮಾಡೆಲ್ ಬದಲಿಸುವ ಬಟನ್ ಅಲ್ಲೇ ಇರುತ್ತದೆ, ಒತ್ತಿ ಜಿಎಫ್‌ಎಸ್ ಮಾಡಿ ನೋಡಿ, ನಿಮ್ಮ ಕೆಂಪು ಸುರುಳಿ ಅಲ್ಲೂ ಸಿಗಬಹುದು. ಎರಡೂ ಮಾಡೆಲ್ ಒಂದೇ ಜಾಗ, ಒಂದೇ ದಿನ ಹೇಳಿ, ಅದೂ ನಾಲ್ಕೈದು ರನ್ ಬಿಡದೆ ಹೇಳಿದರೆ ಆಗ ಎದ್ದು ಕೂರಬೇಕು. ಒಂದೇ ಮಾಡೆಲ್‌ನ ಒಂದೇ ರನ್ ಅಂದ್ರೆ ಲೆಕ್ಕಕ್ಕಿಲ್ಲ.

ಇನ್ನೊಂದು, ಎನ್ಸೆಂಬಲ್ ನೋಡೋದು ಕಲಿಯಿರಿ. ಶುರುವಿನ ಅಂಕಿ ಸ್ವಲ್ಪ ಸ್ವಲ್ಪ ಬದಲಿಸಿ ಅದೇ ಮಾಡೆಲ್ ಅನ್ನು ಎಷ್ಟೋ ಸಲ ಓಡಿಸುತ್ತಾರೆ. ಯುರೋಪಿನವರದು 51, ಅಮೆರಿಕದವರದು 31. ಮಣೂಕದ (ಒಣದ್ರಾಕ್ಷಿ) ವ್ಯಾಪಾರದಲ್ಲಿ ಒಬ್ಬನೇ ದಲಾಲ ಹೇಳಿದ ರೇಟ್ ನಂಬಿ ಯಾರೂ ಮಾಲು ಬಿಡಲ್ಲ, ಅಲ್ವಾ? ಇದೂ ಹಾಗೇ. 51ರಲ್ಲಿ ನಾಲ್ಕೈದು ಮಾತ್ರ ಸುಳಿ ತೋರಿಸಿದರೆ ಆ ಚಿತ್ರ ಅಳಿಸಿ ಹಾಕಿ. ಮೂವತ್ತು ತೋರಿಸಿದರೆ ಔಷಧಿ ತಂದಿಡಿ.

ಪಂಚಾಂಗ ಸಾಕು
ಇವೆಲ್ಲ ಬೊಗಳೆ. ಮೊನ್ನೆ ಆ್ಯಪ್ ನೋಡಿ ಜೋಳದ ಎಡೆ ಹೊಡೆಯೋದು ನಿಲ್ಲಿಸಿದೆ, ಹನಿನೂ ಬೀಳಲಿಲ್ಲ.

ಮೋಡದ ಹುಚ್ಚು
ಕಾಕಾ, ಆ್ಯಪ್‌ನಲ್ಲಿ ನಿಮ್ಮ ಊರಿನ ಹೆಸರಿನ ಕೆಳಗೆ ಕಾಣುವ ಛತ್ರಿ ಗುರುತೇ ಬೇರೆ, ಕೊಲ್ಲಿಯ ವಾಯುಭಾರ ಕುಸಿತದ ಲೆಕ್ಕವೇ ಬೇರೆ. ಒಂದು ಊರಿನ ಮೇಲೆ ಸಂಜೆ ಗುಡುಗು ಮಳೆ ಬೀಳುತ್ತೋ ಇಲ್ಲವೋ ಅಂತ ಯಾವ ಮಾಡೆಲ್ಲೂ ನಾಲ್ಕು ದಿನ ಮೊದಲು ಸರಿಯಾಗಿ ಹೇಳಲ್ಲ. ನೂರಾರು ಕಿಲೋಮೀಟರ್ ಅಗಲದ ಸುಳಿ ಹಿಡಿಯೋದು ಅದಕ್ಕಿಂತ ಸುಲಭ, ಅದರಲ್ಲೂ ಅದು ಒಂದು ಸಲ ಹುಟ್ಟಿದ ಮೇಲೆ. ಹುಟ್ಟುವ ಮೊದಲೇ ಕಷ್ಟ. ಸಮುದ್ರದ ನೀರು 26.5 ಡಿಗ್ರಿಗಿಂತ ಬಿಸಿ ಇದ್ದರೂ ಮೇಲಿನ ಗಾಳಿ ಒಂದು ದಿಕ್ಕು, ಕೆಳಗಿನ ಗಾಳಿ ಒಂದು ದಿಕ್ಕು ಜೋರಾಗಿ ಬೀಸಿದರೆ ಸುಳಿ ತಲೆ ಎತ್ತೋದೇ ಇಲ್ಲ.

ಭೀಮಾ ದಂಡೆ
ನಾವು ಇಂಡಿ ಕಡೆಯವರು. ನೀವೆಲ್ಲ ಚಂಡಮಾರುತ ಆಗುತ್ತೋ ಇಲ್ಲವೋ ಅಂತ ಕೂತಿದ್ದೀರಿ, ವಿಜಯಪುರದವರಿಗೆ ಅದು ಪ್ರಶ್ನೆಯೇ ಅಲ್ಲ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಅದಕ್ಕೆ ಹೆಸರಿಡುತ್ತಾರೆ. 2020ರ ಅಕ್ಟೋಬರ್ 13ಕ್ಕೆ ಕಾಕಿನಾಡ ಹತ್ತಿರ ದಡ ಹತ್ತಿದ್ದಕ್ಕೆ ಹೆಸರೇ ಇರಲಿಲ್ಲ, ಬರೀ ಡೀಪ್ ಡಿಪ್ರೆಶನ್, ಚಂಡಮಾರುತಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಹೈದರಾಬಾದ್ ಮುಳುಗಿಸಿ ಸೀದಾ ನಮ್ಮ ಕಡೆ ಬಂತು. ಆಮೇಲೆ ಭೀಮಾ ನದಿ ದಂಡೆಯ ಹಳ್ಳಿಗಳ ಗತಿ ಏನಾಯ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊಲದಲ್ಲಿದ್ದ ತೊಗರಿ, ಕಬ್ಬು ನೀರಲ್ಲಿ ನಿಂತಿತ್ತು.

ಆದ್ದರಿಂದ ಎಲ್ಲಿ ದಡ ಹತ್ತುತ್ತದೆ, ಆಮೇಲೆ ಯಾವ ಕಡೆ ತಿರುಗುತ್ತದೆ ಅನ್ನೋದು ನೋಡಿ. ಕಾಕಿನಾಡ, ಮಚಲೀಪಟ್ಟಣ ಕಡೆ ಹತ್ತಿ ಪಶ್ಚಿಮಕ್ಕೆ ನಡೆದರೆ ತೆಲಂಗಾಣ ದಾಟಿ ನಮ್ಮ ತಲೆ ಮೇಲೇ. ತಮಿಳುನಾಡಿಗೆ ಹೋದರೆ ಮಳೆ ಬೆಂಗಳೂರು, ಕೋಲಾರದವರಿಗೆ, ನಮಗೆ ಬರೀ ಮೋಡ, ಒಂದೆರಡು ತುಂತುರು. ಒಡಿಶಾ, ಬಂಗಾಳದ ಕಡೆ ಮೇಲಕ್ಕೆ ತಿರುಗಿದರೆ ಇಲ್ಲಿ ಸಾಮಾನ್ಯವಾಗಿ ಒಣ ಹವೆ.

ತಿಕೋಟಾ ತೋಟ
ಇದು ಉಪಯೋಗಕ್ಕೆ ಬಂತು. ಆದರೆ ಬರೀ ಮೋಡ ಅಂತ ಬಿಡೋಕಾಗಲ್ಲ ರೀ, ಮೂರು ದಿನ ಬಿಸಿಲಿಲ್ಲದೆ ಎಲೆ ಒದ್ದೆ ಇದ್ದರೂ ಡೌನಿ ಬರುತ್ತದೆ. ಹಾಗಾದರೆ ದಿನಾ ಏನು ನೋಡಲಿ, ಎಷ್ಟು ಹೊತ್ತಿಗೆ?

ಮೋಡದ ಹುಚ್ಚು
ದಿನಕ್ಕೆ ಒಂದೇ ಸಲ ನೋಡಿ, ಮಧ್ಯಾಹ್ನ ಊಟ ಆದ ಮೇಲೆ. ನಮ್ಮ ಬೆಳಿಗ್ಗೆ 5.30ರ ಲೆಕ್ಕದ ರನ್ ಅಷ್ಟೊತ್ತಿಗೆ ಎರಡೂ ಮಾಡೆಲ್‌ನಲ್ಲಿ ಬಂದಿರುತ್ತದೆ. ಮಳೆಯ ಬಣ್ಣ ನೋಡಬೇಡಿ, ಒತ್ತಡದ ಗೆರೆ ನೋಡಿ, ಜೊತೆಗೆ 700 ಹೆಕ್ಟೋಪಾಸ್ಕಲ್ ಮಟ್ಟದ ತೇವಾಂಶ ನೋಡಿ. ಅದು ಸಮುದ್ರ ಮಟ್ಟದಿಂದ ಸುಮಾರು ಮೂರು ಕಿಲೋಮೀಟರ್ ಎತ್ತರ, ಅಲ್ಲಿ ತೇವ ತುಂಬಿದ್ದರೆ ಸುಳಿ ದೂರ ಇದ್ದರೂ ನಿಮಗೆ ಮೋಡ ಬರುವ ಸಾಧ್ಯತೆ ಹೆಚ್ಚು. ಆಮೇಲೆ ದಿಲ್ಲಿಯ ಹವಾಮಾನ ಇಲಾಖೆಯ ಚಂಡಮಾರುತ ವಿಭಾಗದ ಬುಲೆಟಿನ್ ದಿನಾ ಬರುತ್ತದೆ, ಮುಂದಿನ ದಿನಗಳಲ್ಲಿ ವಾಯುಭಾರ ಕುಸಿತ ಆಗುವ ಸಾಧ್ಯತೆ ಕಡಿಮೆಯೋ, ಮಧ್ಯಮವೋ, ಹೆಚ್ಚೋ ಅಂತ ಅದರಲ್ಲೇ ಇರುತ್ತದೆ. ಗುರುವಾರದ್ದು ಎರಡು ವಾರದ್ದು, ಅದನ್ನು ತಪ್ಪಿಸಬೇಡಿ. ಅವರು ಎಲ್ಲ ಮಾಡೆಲ್ ಎದುರಿಗಿಟ್ಟುಕೊಂಡೇ ಬರೆಯೋದು.

ಆಳಿನವರಿಗೆ ಈಗಲೇ ಬೇಡ ಅನ್ನಬೇಡಿ. ಐದು ದಿನ ಇರುವಾಗ ತೀರ್ಮಾನ ಮಾಡಿ, ಅಷ್ಟು ಹತ್ತಿರಕ್ಕೆ ಬಂದರೆ ಚಿತ್ರ ಈಗಿನಷ್ಟು ಅಲ್ಲಾಡಲ್ಲ.

ಭೀಮಾ ದಂಡೆ
ಮುಂಗಡ ಕೊಟ್ಟಿದ್ದೀರಿ ಅಂದ್ರಲ್ಲ, ಎರಡು ದಿನ ಹಿಂದೆಮುಂದೆ ಆಗಬಹುದು ಅಂತ ಮೇಸ್ತ್ರಿಗೆ ಇವತ್ತೇ ಒಂದು ಮಾತು ಹಾಕಿಡಿ. ಮೋಡ ಕಟ್ಟಿದ ಮೇಲೆ ಎಲ್ಲರೂ ಅವನಿಗೇ ಫೋನ್ ಹಚ್ಚುತ್ತಾರೆ.