ತಾತನ ಟೋಪಿಯನ್ನು ದಯವಿಟ್ಟು ತೊಳೆಯಬೇಡಿ

ಚಿಕ್ಕಮ್ಮ, ತಾತನ ಮಿಲಿಟರಿ ಟೋಪಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಬ್ಯಾಡ್ಜಿಗೆ ಪಾಲಿಶ್ ಹಾಕಿಸಿ, ಗಾಜಿನ ಕಟ್ಟಿನಲ್ಲಿಟ್ಟು ಹಜಾರದ ಗೋಡೆಗೆ ತೂಗುಹಾಕೋಣವೇ ಎಂದು ಕೇಳಿದ್ದೀರಿ. ಅದು ಮನೆಯವರೆಲ್ಲರ ಕಣ್ಣೆದುರು ಇರಬೇಕೆಂಬ ಆಸೆ ನನ್ನದೂ ಹೌದು. ಆದರೆ ತೊಳೆಯುವುದು, ಪಾಲಿಶ್ ಮಾಡಿಸುವುದು ಎರಡೂ ಬೇಡವೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅದು ಉಣ್ಣೆಯ ಬೆರೆಟ್, ಅಂದರೆ ಸೈನಿಕರು ಓರೆಯಾಗಿ ಹಾಕಿಕೊಳ್ಳುವ ಮೆತ್ತನೆಯ ದುಂಡು ಟೋಪಿ. ಹೆಣೆದ ಉಣ್ಣೆಯನ್ನು ನೀರಿನಲ್ಲಿ ತಿಕ್ಕಿ, ಕುಗ್ಗಿಸಿ, ದಟ್ಟಗೊಳಿಸಿಯೇ ಅದನ್ನು ತಯಾರಿಸುವುದರಿಂದ, ಮತ್ತೆ ನೆನೆಸಿ ಉಜ್ಜಿದರೆ ಇನ್ನಷ್ಟು ಕುಗ್ಗಿ, ತಾತ ಬಲಗಿವಿಯ ಕಡೆಗೆ ಎಳೆದು ಕೂರಿಸಿದ ಆ ಓರೆ ಆಕಾರವೇ ಹೋಗಿಬಿಡಬಹುದು. ಅಂಚಿನ ಚರ್ಮದ ಪಟ್ಟಿ ಒಣಗುವಾಗ ಬಿರಿಯುತ್ತದೆ; ಅದರ ಬೆವರಿನ ಕಲೆಯೂ, ಟೋಪಿಯ ಒಳಪದರದ ಬಟ್ಟೆಯ ಮೇಲೆ ಅವರೇ ಶಾಯಿಯಲ್ಲಿ ಬರೆದುಕೊಂಡ ಸೇವಾ ಸಂಖ್ಯೆಯೂ ನೀರಿನ ಪಾಲಾಗುತ್ತವೆ. ಇಂಥದೇ ಟೋಪಿ ಎಷ್ಟೋ ಸೈನಿಕರಿಗೆ ಸಿಕ್ಕಿರುತ್ತದೆ. ಆ ಕಲೆ, ಆ ಅಂಕಿಗಳು ಇರುವುದರಿಂದಲೇ ಇದು ನಮ್ಮ ತಾತನದು.

ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಹಿತ್ತಾಳೆ ಸ್ವಲ್ಪ ಸವೆಯುತ್ತದೆ. ಬ್ಯಾಡ್ಜಿನ ಕಂದು ಬಣ್ಣದಿಂದ ಯಾವ ಕೇಡೂ ಇಲ್ಲ. ಚರ್ಮಕ್ಕೆ ತಾಗುವ ಕಡೆ ಹಸಿರು ಕಿಲುಬು ಕಂಡರೆ ಮಾತ್ರ ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ನಿಜವಾದ ಶತ್ರು ನುಸಿ, ಅಂದರೆ ಬಟ್ಟೆ ಹಾಳುಮಾಡುವ ಪುಟ್ಟ ಪತಂಗ. ಅದರ ಮರಿಹುಳು ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬೆಳೆಯುತ್ತದೆ, ಬೆವರು ಹಿಡಿದ ಭಾಗವೆಂದರೆ ಅದಕ್ಕೆ ಇನ್ನೂ ಇಷ್ಟ. ಹಾಗಾಗಿ ಬೆವರಿನ ಕಲೆಯನ್ನು ಉಳಿಸಿಕೊಳ್ಳುವವರು ಕಾವಲನ್ನೂ ಹೆಚ್ಚಿಸಬೇಕು. ಟೋಪಿಯನ್ನು ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿ ಹೊರಹಾಕಿ, ಬಾಯಿ ಬಿಗಿದು, ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುವ ಫ್ರೀಜರಿನಲ್ಲಿ 2 ವಾರ ಇಟ್ಟರೆ ಮೊಟ್ಟೆಗಳೂ ಹುಳುಗಳೂ ಸಾಯುತ್ತವೆ. ಹೊರತೆಗೆದ ಮೇಲೆ ತಣುಪು ಪೂರ್ತಿ ಇಳಿಯುವವರೆಗೆ ಚೀಲವನ್ನು ಬಿಚ್ಚಬಾರದು, ಬಿಚ್ಚಿದರೆ ಉಣ್ಣೆಯ ಮೇಲೆಯೇ ನೀರು ಹನಿಗಟ್ಟುತ್ತದೆ. ನುಸಿಗುಳಿಗೆ ಬೇಡ, ಅದರ ಆವಿ ಮನೆಯ ಮಕ್ಕಳಿಗೆ ಒಳ್ಳೆಯದಲ್ಲ.

ಗೋಡೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಇಷ್ಟು: ಬೆಳಕಿಗೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ, ಆದ್ದರಿಂದಲೇ ವಸ್ತುಸಂಗ್ರಹಾಲಯಗಳು ಹಳೆಯ ಬಟ್ಟೆಗಳ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕನ್ನು ಅಳೆಯುವ ಮಾನ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ. ಹಜಾರದ ಕಿಟಕಿಯ ಬೆಳಕು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಗೋಡೆಗೆ ತಾತ ಆ ಟೋಪಿ ಧರಿಸಿರುವ ಭಾವಚಿತ್ರವನ್ನು ಹಾಕೋಣ. ಟೋಪಿಯೊಳಗೆ ಆಮ್ಲರಹಿತ ಬಿಳಿ ಟಿಶ್ಯೂ ಕಾಗದವನ್ನು ಸಡಿಲವಾಗಿ ತುಂಬಿ, ಆಕಾರ ಕೆಡದಂತೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಎಲ್ಲರೂ ಸೇರಿದಾಗ ತೆಗೆದು ಮಕ್ಕಳ ಕೈಗೂ ಕೊಡೋಣ. ಕೈ ತೊಳೆದು ಒರೆಸಿಕೊಂಡಿದ್ದರೆ ಆಯಿತು.

ನೀವು ಕಳುಹಿಸಿದ ಚಿತ್ರದಲ್ಲಿ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಈಗಾಗಲೇ ಮಸುಕಾಗಿವೆ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು, ಹತ್ತಿರದಿಂದ ಇನ್ನೊಂದು ಚಿತ್ರ ತೆಗೆಯಿರಿ. ದೊಡ್ಡಪ್ಪನವರೇ, ಸೇನೆಯಿಂದ ಬಿಡುಗಡೆಯಾದಾಗ ತಾತನಿಗೆ ಕೊಟ್ಟ ಡಿಸ್ಚಾರ್ಜ್ ಪುಸ್ತಕ ನಿಮ್ಮ ಬಳಿ ಇದ್ದರೆ ಆ ಸಂಖ್ಯೆಯನ್ನು ನೋಡಿ ತಿಳಿಸಿ, ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಳಗೇ ಇಡುತ್ತೇವೆ.