ತಗ್ಗಿನ ಸ್ಪೋರ್ಟ್ಸ್ ಕಾರಿಗೆ ಯಾವ ಜಾಕ್? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಕಿರಣ್: ಅಣ್ಣಾ, ನನ್ನ ಕಾರು ನೆಲದಿಂದ ಬರೀ 105 ಮಿ.ಮೀ. ಮೇಲಿದೆ. ಮನೆಯಲ್ಲಿರುವ ಟ್ರಾಲಿ ಜಾಕ್ (ಸಣ್ಣ ಚಕ್ರಗಳ ಮೇಲೆ ಉರುಳುವ ಜಾಕ್) ಒಳಗೇ ಹೋಗುತ್ತಿಲ್ಲ. ಯಾವುದು ತಗೊಳ್ಳಲಿ?

ಮೆಕ್ಯಾನಿಕ್: ಮಾಮೂಲಿ ಟ್ರಾಲಿ ಜಾಕ್ ಪೂರ್ತಿ ಇಳಿಸಿದರೂ ಸುಮಾರು 130 ಮಿ.ಮೀ. ಇರುತ್ತದೆ. ನಿಮಗೆ 75ರಿಂದ 80ರವರೆಗೆ ಇಳಿಯುವ ಲೋ ಪ್ರೊಫೈಲ್ ಜಾಕ್ ಬೇಕು. ಆ 105 ಎಲ್ಲಿ ಅಳೆದಿರಿ? ಬಂಪರ್ ಕೆಳಗಲ್ಲ, ಜಾಕ್ ಪಾಯಿಂಟ್ ಕೆಳಗೆ, ಅಂದರೆ ಜಾಕ್ ಕೊಡಲು ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗದ ಕೆಳಗೆ ಅಳೆಯಿರಿ. ಅದರಲ್ಲಿ ಜಾಕ್ ಮೇಲೆ ಇಡುವ ರಬ್ಬರ್ ಪ್ಯಾಡಿನ ದಪ್ಪ ಕಳೆಯಿರಿ, 20-25 ಅಲ್ಲೇ ಹೋಗುತ್ತದೆ. ಟೈರ್ ಪಂಕ್ಚರ್ ಆದರೆ ಗಾಡಿ ಇನ್ನೂ ಕೂರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಬ್ಬದ ಮೇಲೆ ಬರೆದಿರುವುದು ತುದಿಯ ತಟ್ಟೆಯ ಎತ್ತರ ಮಾತ್ರ. ಹ್ಯಾಂಡಲ್ ಕೂರುವ ಕಡೆ ಜಾಕ್ ದಪ್ಪ ಇರುತ್ತದೆ. ಮುಂದಿನಿಂದ ನುಗ್ಗಿಸಿದರೆ ತಟ್ಟೆ ಪಾಯಿಂಟ್ ತಲುಪುವ ಮೊದಲೇ ಆ ಭಾಗ ಬಂಪರಿಗೆ ಬಡಿಯುತ್ತದೆ. ಅದಕ್ಕೇ ಉದ್ದ ತೋಳಿನದ್ದು ತಗೊಳ್ಳಿ.

ಸಂಧ್ಯಾ: ಎಷ್ಟು ಟನ್ನಿನದ್ದು ಸಾಕು ಸರ್? ಕಾರು 1,500 ಕೆ.ಜಿ. ಇದೆ.

ಮೆಕ್ಯಾನಿಕ್: 2 ಟನ್ ಸಾಕು. ಒಂದು ಮೂಲೆ ಎತ್ತುವಾಗ ಪೂರ್ತಿ ಭಾರ ಜಾಕ್ ಮೇಲೆ ಬೀಳುವುದಿಲ್ಲ. ಆದರೆ ಅದು ಎಷ್ಟು ಮೇಲೆ ಏರುತ್ತದೆ ನೋಡಿಕೊಳ್ಳಿ. ಏರಿಸಿದ ಮೇಲೆ ಗಾಡಿಯ ಭಾರ ಹೊರುವ ಸ್ಟ್ಯಾಂಡ್ ಕೆಳಗೆ ಹಿಡಿಸಬೇಕಲ್ವಾ? ಕೆಲವು ತಗ್ಗಿನ ಜಾಕ್‌ಗಳು ಅಷ್ಟು ಏರುವುದೇ ಇಲ್ಲ.

ಮಧು: ಬೇರೆ ಗ್ರೂಪಿನಿಂದ ಬಂದಿದ್ದು: "ಜಾಕ್ ಒಳಗೆ ಹೋಗದಿದ್ದರೆ ಚಕ್ರ ಹಲಗೆ ಮೇಲೆ ಹತ್ತಿಸಿ. ಸ್ಟ್ಯಾಂಡ್ ಇಲ್ಲದಿದ್ದರೆ ಸಿಮೆಂಟ್ ಬ್ಲಾಕ್ ಇಡಿ. ಜಾಕ್ ಆಯಿಲ್ ಕಮ್ಮಿಯಾದರೆ ಬ್ರೇಕ್ ಆಯಿಲ್ ಹಾಕಿ." ಸರಿನಾ?

ಮೆಕ್ಯಾನಿಕ್: ಮೊದಲನೆಯದು ಸರಿ. ಟೈರಿಗಿಂತ ಅಗಲವಾದ ಗಟ್ಟಿ ಹಲಗೆ ಇರಬೇಕು. ಎರಡನೆಯದು ಪ್ರಾಣ ತೆಗೆಯುತ್ತದೆ. ಸಿಮೆಂಟ್ ಬ್ಲಾಕ್ ಬಾಗಿ, ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ಬ್ರೇಕ್ ಆಯಿಲ್ ಹಾಕಿದರೆ ಜಾಕ್ ಒಳಗಿನ ಸೀಲುಗಳು ಉಬ್ಬಿ ಕೆಡುತ್ತವೆ. ಹೈಡ್ರಾಲಿಕ್ ಜಾಕ್ ಆಯಿಲ್ ಬಿಟ್ಟು ಬೇರೇನೂ ಹಾಕಬೇಡಿ. ಈ ಮೆಸೇಜ್ ಇನ್ನು ಯಾರಿಗೂ ಕಳಿಸಬೇಡಿ.

ವಿನಯ್: ನಾವು ಯಾವಾಗಲೂ ಬ್ಲಾಕ್ ಮೇಲೇ ನಿಲ್ಲಿಸುವುದು. ಏನೂ ಆಗಿಲ್ಲ. ಸುಮ್ನೆ ಹೆದರಿಸುತ್ತೀರಿ.

ಸಂಧ್ಯಾ: ಏನೂ ಆಗದಿದ್ದವರು ಮಾತ್ರ ಇಲ್ಲಿ ಬಂದು ಬರೆಯುತ್ತಾರೆ ವಿನಯ್.

ವಿನಯ್: ನಿಮಗೆ ಗಾಡಿ ಕೆಲಸ ಗೊತ್ತಾ?

ಕಿರಣ್: ಇಬ್ಬರೂ ಬಿಡಿ. ಅಲ್ಯೂಮಿನಿಯಂ ತಗೊಳ್ಳಲಾ, ಸ್ಟೀಲಾ?

ವಿನಯ್: ಸ್ಟೀಲೇ. ಅಲ್ಯೂಮಿನಿಯಂ ಆಟದ ಸಾಮಾನು.

ಮಧು: ರೇಸ್‌ನಲ್ಲಿ ಅದನ್ನೇ ಇಟ್ಟುಕೊಂಡಿರುತ್ತಾರೆ. ಹಗುರ ಅಂತಲೇ.

ವಿನಯ್: ನೀನು ರೇಸ್ ಓಡಿಸ್ತೀಯಾ?

ದೀಪಾ: ನನ್ನದು ಏರ್ ಸಸ್ಪೆನ್ಷನ್. ಎತ್ತುವ ಮೊದಲು ಜಾಕ್ ಮೋಡ್ (ಗಾಡಿ ತಾನಾಗಿ ಏರಿಳಿಯದಂತೆ ಮಾಡುವ ಸೆಟ್ಟಿಂಗ್) ಹಾಕಬೇಕಾ?

ನವೀನ್: ಸರ್, ನಾನು ಲೋ ಪ್ರೊಫೈಲ್ ಜಾಕ್ ತಗೊಂಡೆ. ಮನೆ ಹಿಂದಿನ ಮಣ್ಣು ನೆಲದಲ್ಲಿ ಕಾರು ಎತ್ತಿ, ಕೆಳಗೆ ಮಲಗಿ ಸೈಲೆನ್ಸರ್ ಬೋಲ್ಟ್ ಬಿಚ್ಚುತ್ತಿದ್ದೆ. ಅರ್ಧ ಗಂಟೆಯಲ್ಲಿ ಎರಡು ಬೆರಳಷ್ಟು ಇಳಿದಿತ್ತು. ಹ್ಯಾಂಡಲ್ ಹೊಡೆದು ಮತ್ತೆ ಏರಿಸಿದೆ. ಜಾಕ್ ಪಾಯಿಂಟಿನಲ್ಲಿ ತಟ್ಟೆ ಉಜ್ಜಿದ ಗೆರೆಯೂ ಇದೆ. ಆಯಿಲ್ ಹಾಕಿದರೆ ಸರಿಹೋಗುತ್ತಾ?

ಮೆಕ್ಯಾನಿಕ್: ನವೀನ್, ಆಯಿಲ್ ವಿಷಯ ಆಮೇಲೆ. ಸ್ಟ್ಯಾಂಡ್ ಇಲ್ಲದೆ ಇನ್ನೊಮ್ಮೆ ಆ ಗಾಡಿ ಕೆಳಗೆ ಹೋಗಬೇಡಿ. ಕೈ ಕೂಡ ಹಾಕಬೇಡಿ.

ಜಾಕ್ ಇರುವುದು ಎತ್ತುವುದಕ್ಕೆ. ಗಾಡಿಯನ್ನು ಹಿಡಿದಿಡುವುದು ಸ್ಟ್ಯಾಂಡ್. ನಿಮ್ಮ ಜಾಕ್ ಒಳಗೆ ಆಯಿಲ್ ಹಿಂದಕ್ಕೆ ಸೋರುತ್ತಿದೆ. ಜಾಕ್ ಇಳಿಸಲು ಬಿಡುವ ವಾಲ್ವ್ ಸರಿಯಾಗಿ ಮುಚ್ಚಿರಲಿಕ್ಕಿಲ್ಲ, ಅದರಲ್ಲಿ ಕಸ ಸಿಕ್ಕಿರಬಹುದು, ಅಥವಾ ಸೀಲ್ ಹೋಗಿರಬಹುದು. ಹೊಸದಾದರೆ ವಾಪಸ್ ಕೊಡಿ. ಮೇಲಿಂದ ಆಯಿಲ್ ತುಂಬಿದರೆ ಸೋರುವುದು ನಿಲ್ಲುವುದಿಲ್ಲ.

ಆ ಗೆರೆ ನನಗೆ ಇನ್ನೂ ಜಾಸ್ತಿ ಚಿಂತೆ ತರುತ್ತಿದೆ. ಟ್ರಾಲಿ ಜಾಕಿನ ತೋಳು ನೆಟ್ಟಗೆ ಮೇಲೇಳುವುದಿಲ್ಲ, ಬಿಲ್ಲಿನ ಹಾಗೆ ಸುತ್ತಿ ಏಳುತ್ತದೆ. ಏರಿದಂತೆಲ್ಲ ತಟ್ಟೆ ಹ್ಯಾಂಡಲ್ ಕಡೆಗೆ ಸರಿಯುತ್ತದೆ. ಅದಕ್ಕೆ ಸರಿಯಾಗಿ ಜಾಕೇ ಗಾಡಿ ಅಡಿಗೆ ಉರುಳಬೇಕು. ಮಣ್ಣಿನಲ್ಲಿ ಆ ಸಣ್ಣ ಚಕ್ರಗಳು ಹೂತು ನಿಲ್ಲುತ್ತವೆ. ಆಗ ತಟ್ಟೆ ಪಾಯಿಂಟ್ ಮೇಲೆ ಉಜ್ಜುತ್ತಾ ಜಾರುತ್ತದೆ. ನಿಮ್ಮ ಗೆರೆ ಅದೇ. ಅದರ ಮೇಲೆ ನೀವು ಸೈಲೆನ್ಸರ್ ಬೋಲ್ಟ್ ಎಳೆಯುತ್ತಿದ್ದಿರಿ, ಪ್ರತಿ ಎಳೆತಕ್ಕೂ ಗಾಡಿ ಅಲುಗಾಡಿರುತ್ತದೆ.

ಗಟ್ಟಿ ಸಮತಟ್ಟು ಕಾಂಕ್ರೀಟ್ ನೆಲದಲ್ಲಿ ಮಾಡಿ. ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗದಲ್ಲೇ ಎತ್ತಿ. ಆಯಿಲ್ ಚೇಂಬರ್, ಫ್ಲೋರ್ ತಗಡು ಮುಟ್ಟಬೇಡಿ. ಗಾಡಿಯ ಕೆಳ ಅಂಚಿನಲ್ಲಿ ಬೆಸುಗೆ ಪಟ್ಟಿ ಇದ್ದರೆ, ಅದು ಕೂರುವಂತೆ ನಡುವೆ ಸೀಳು ಇರುವ ರಬ್ಬರ್ ಪ್ಯಾಡ್ ಇಡಿ, ಇಲ್ಲದಿದ್ದರೆ ಪಟ್ಟಿ ಮಡಚಿಕೊಳ್ಳುತ್ತದೆ. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಬದಿಯಿಂದ ಒಮ್ಮೆ ಜೋರಾಗಿ ತಳ್ಳಿ ನೋಡಿ. ಬಿಚ್ಚಿದ ಚಕ್ರವನ್ನು ಗಾಡಿ ಅಡಿಗೆ ಮಲಗಿಸಿಡಿ.

ರಫೀಕ್: ಬಾಟಲ್ ಜಾಕ್ ಆಗುತ್ತಾ ಸರ್?

ಮೆಕ್ಯಾನಿಕ್: ಇಲ್ಲ. ಅದು ನಿಂತರೇ ಇಂಥ ಗಾಡಿ ಅಡಿಯ ಜಾಗಕ್ಕಿಂತ ಎತ್ತರ.

ಶ್ರೀಧರ್: ಎಷ್ಟು ಟನ್ ಬೇಕು ಸರ್?

ಮೆಕ್ಯಾನಿಕ್: ಮೇಲೆ ಹೇಳಿದ್ದೇನೆ. ಓದಿ.

ಮಧು: ಇನ್ನೊಂದು ಫಾರ್ವರ್ಡ್ ಇದೆ, ಜಾಕ್ ಇಳಿಯದ ಹಾಗೆ ಹ್ಯಾಂಡಲ್ ಹಗ್ಗದಿಂದ ಕಟ್ಟುವುದು…

ಮೆಕ್ಯಾನಿಕ್: ಮಧು, ಸಾಕು.

ವಿನಯ್: ಹಗ್ಗದಲ್ಲಿ ತಪ್ಪೇನು?

ಮೆಕ್ಯಾನಿಕ್: ಸೋರುತ್ತಿರುವುದು ಒಳಗೆ. ಹ್ಯಾಂಡಲ್ ಕಟ್ಟಿದರೆ ಏನು ನಿಲ್ಲುತ್ತದೆ? ನವೀನ್, ಗಾಡಿ ಈಗ ಎಲ್ಲಿದೆ?

ನವೀನ್: ಇನ್ನೂ ಜಾಕ್ ಮೇಲೇ ಇದೆ ಸರ್. ಸೈಲೆನ್ಸರ್ ಅರ್ಧ ಬಿಚ್ಚಿದೆ.

ಮೆಕ್ಯಾನಿಕ್: ಚಕ್ರ ನಾಲ್ಕೂ ಇವೆಯಾ?

ನವೀನ್: ಇವೆ.

ಮೆಕ್ಯಾನಿಕ್: ಹತ್ತಿರ ಯಾರೂ ಸುಳಿಯದಂತೆ ನೋಡಿಕೊಂಡು, ಹ್ಯಾಂಡಲ್ ತುದಿಯಲ್ಲಿ ನಿಂತು, ವಾಲ್ವ್ ಸ್ವಲ್ಪ ಸ್ವಲ್ಪವೇ ಬಿಟ್ಟು ಈಗಲೇ ಇಳಿಸಿ. ಇಳಿಸಿದ ಮೇಲೆ ಇಲ್ಲಿ ಬರೆಯಿರಿ.