ಅಪ್‌ಡೇಟ್: ವಿಕಿಯಲ್ಲೊಂದು, ಡಾಕ್ಸ್‌ನಲ್ಲೊಂದು ಇದ್ದ ಇನ್‌ಸ್ಟಾಲ್ ಪುಟ

ನಮ್ಮ ಓಪನ್ ಸೋರ್ಸ್ ಪ್ರಾಜೆಕ್ಟಿನ ಇನ್‌ಸ್ಟಾಲ್ ಸೂಚನೆ ವಿಕಿಯಲ್ಲಿ ಒಂದು ಥರ, ಕೋಡ್ ಜೊತೆಗೇ ಇರುವ ಡಾಕ್ಸ್ (ದಾಖಲೆ) ಫೋಲ್ಡರಿನಲ್ಲಿ ಇನ್ನೊಂದು ಥರ ಇದೆ, ಯಾವುದನ್ನು ಉಳಿಸಿಕೊಳ್ಳೋದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಡಾಕ್ಸ್ ಉಳಿಸಿಕೊಂಡೆವು. ವಿಕಿಗೆ ಬೀಗ ಹಾಕಿ, ಹೊಸ ಪುಟದ ಲಿಂಕ್ ಮಾತ್ರ ಬಿಟ್ಟಿದ್ದೇವೆ.

ಜಾಸ್ತಿ ಕಾಟ ಕೊಟ್ಟಿದ್ದು ಒಂದೇ ಸಾಲು: ‘ಸುಡೋ ಪಿಪ್ ಇನ್‌ಸ್ಟಾಲ್’, ಅಂದರೆ ಪೈಥಾನ್ ಪ್ಯಾಕೇಜನ್ನು ಅಡ್ಮಿನ್ ಅಧಿಕಾರದಲ್ಲಿ ಇಡೀ ಸಿಸ್ಟಮ್ಮಿಗೆ ಹಾಕುವ ಕಮಾಂಡ್. 2023ರಲ್ಲಿ ಬಂದ ಲಿನಕ್ಸ್ ಆವೃತ್ತಿ ಡೆಬಿಯನ್ 12 ಇದನ್ನು ಒಪ್ಪುವುದಿಲ್ಲ. ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ (ಇಲ್ಲಿನ ಪೈಥಾನನ್ನು ಸಿಸ್ಟಮ್ಮೇ ನೋಡಿಕೊಳ್ಳುತ್ತದೆ) ಅಂತ ಎರರ್ ಕೊಟ್ಟು ನಿಲ್ಲುತ್ತದೆ. ಹೊಸಬರು ಅಲ್ಲೇ ಸುಸ್ತಾಗುತ್ತಿದ್ದರು. ಈಗ ಮೊದಲು ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ಯಾಕೇಜುಗಳಿಗೆ ಸಿಸ್ಟಮ್ಮಿನಿಂದ ಬೇರೆಯಾದ ಜಾಗ) ಮಾಡಿಕೊಳ್ಳಿ ಅಂತ ಬರೆದಿದ್ದೇವೆ.

ಡಾಕ್ಸ್ ಪುಟಗಳನ್ನು ಕಟ್ಟುವ ಸ್ಫಿಂಕ್ಸ್ ಟೂಲಿನಲ್ಲಿರುವ, ಲಿಂಕುಗಳನ್ನು ಪರೀಕ್ಷಿಸುವ ‘ಲಿಂಕ್‌ಚೆಕ್’ ಹಾಕಿ ಅಂತ ನೀವು ಅಂದಿದ್ದಿರಿ, ಹಾಕಿದೆವು. ಸತ್ತ ಲಿಂಕುಗಳು ಸಿಗುತ್ತವೆ, ಆದರೆ ಹಳೇ ಕಮಾಂಡ್ ಅದರ ಕಣ್ಣಿಗೆ ಬೀಳುವುದಿಲ್ಲ ಅಲ್ವಾ? ಅದಕ್ಕೇ ಕಮಾಂಡುಗಳನ್ನೆಲ್ಲ ಒಂದು ಸ್ಕ್ರಿಪ್ಟಿಗೆ ಹಾಕಿ, ಫೈಲಿನಲ್ಲಿರುವುದನ್ನು ಇದ್ದ ಹಾಗೇ ತೋರಿಸುವ ಸ್ಫಿಂಕ್ಸ್‌ನ ‘ಲಿಟರಲ್‌ಇನ್‌ಕ್ಲೂಡ್’ ಬಳಸಿ ಪುಟಕ್ಕೆ ಎಳೆದುಕೊಂಡೆವು. ಅದೇ ಸ್ಕ್ರಿಪ್ಟ್ ಸಿಐನಲ್ಲೂ (ಕೋಡ್ ಬದಲಾದಾಗ ತಾನಾಗಿ ಪರೀಕ್ಷೆ ನಡೆಸುವ ವ್ಯವಸ್ಥೆ) ಓಡುತ್ತದೆ. ಕಮಾಂಡ್ ಕೆಟ್ಟರೆ ಬಿಲ್ಡೇ ಫೇಲ್ ಆಗುತ್ತದೆ. ಬಂದ ಸಲಹೆಗಳಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಇದೇ.

ಒಂದು ನಷ್ಟವೂ ಇದೆ. ವಿಕಿಯಲ್ಲಿ ಸುಮ್ನೆ ಕಾಗುಣಿತ ತಿದ್ದಿ ಹೋಗುತ್ತಿದ್ದವರು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಅಂದರೆ ಹಿಂದೆ ಸರಿಯುತ್ತಾರೆ. ಪ್ರತಿ ಪುಟದಲ್ಲೂ ‘ಈ ಪುಟ ತಿದ್ದಿ’ ಲಿಂಕ್ ಇಟ್ಟಿದ್ದೇವೆ, ಬ್ರೌಸರಿನಲ್ಲೇ ಬದಲಾಯಿಸಬಹುದು.